ಇಂಜಿನ್ನಿಗೆ ಕುಸುಬಿ ಎಣ್ಣೆ

ವಿದ್ಯಾಗಿರಿಯ ಗ್ಯಾರೇಜಿನಲ್ಲಿ ನನ್ನ ಕಾರಿಗೆ ಹಾಕಲು ಹೊಸ ಆಯಿಲ್ ಡಬ್ಬಿ ತೆರೆದರೆ ಸಾಕು, ಆ ವಾಸನೆಗೆ ನಾನು ಇಳಕಲ್ಲಿನ ನಮ್ಮ ಹಳೆ ಮನೆಯ ಪಡಸಾಲೆಗೆ ಹೋಗಿಬಿಡುತ್ತೇನೆ. ಅಲ್ಲಿ ಗೋಡೆಯ ಒಂದು ಮಾಡದಲ್ಲಿ ದೇವರು, ಪಕ್ಕದ ಮಾಡದಲ್ಲಿ ಮಲ್ಲೇಶಿ ಕಾಕಾನ ಡಬ್ಬಿಗಳು: ಇಂಜಿನ್ ಆಯಿಲ್, ಬ್ರೇಕ್ ಆಯಿಲ್, ಹಸಿರು ಕೂಲೆಂಟ್. ಅಪ್ಪನ ತಮ್ಮನಾದ ಕಾಕಾ ಬಾಡಿಗೆ ಕಾರು ಓಡಿಸುತ್ತಿದ್ದ. ಯಾರಾದರೂ ರೇಡಿಯೇಟರಿಗೆ ಸವಳು ನೀರು ಹಾಕಲು ಬಂದರೆ ಅವನಿಗೆ ಕೆಂಡದಂಥ ಸಿಟ್ಟು. ಆಯಿಗೆ, ಅಂದರೆ ನನ್ನ ಅಜ್ಜಿಗೆ, ಇದೆಲ್ಲ ತಮಾಷೆ. "ಹೆಂಡತಿ ಇಲ್ಲದಾಂವ, ಗಾಡಿಗೆ ಬಾಣಂತನ ಮಾಡಾಕತ್ತಾನ" ಎಂದು ನಗುತ್ತಿದ್ದಳು.

ಕಾಕಾನ ತಂಗಿ ಸುನಂದಾ ಅತ್ತೆಯ ಮದುವೆ ಬಾದಾಮಿಯಲ್ಲಿತ್ತು. ನಿಬ್ಬಣದವರು ಮೊದಲ ಬಸ್ಸಿಗೇ ಹೋಗಿಯಾಗಿತ್ತು. ಮದುಮಗಳು, ಆಯಿ, ನಾನು ಕಾಕಾನ ಕಾರಿಗೆ. ಕಾಕಾ ಜಳಕಕ್ಕೆ ಹೋದಾಗ ಆಯಿಗೆ ಅದೇನು ಹೊಳೆಯಿತೋ, ಗಾಣದಿಂದ ತಂದ ಹೊಸ ಕುಸುಬಿ ಎಣ್ಣೆಯ ತಂಬಿಗೆ ಹಿಡಿದು ಅಂಗಳಕ್ಕೆ ಬಂದಳು. "ಮಗಳನ್ನ ಗಂಡನ ಮನಿಗೆ ಒಯ್ಯೂ ಗಾಡಿ. ಮನ್ಯಾಗಿನ ಛಲೋ ಎಣ್ಣಿ ಕುಡೀಲಿ" ಎಂದಳು. ಯಾವ ಮುಚ್ಚಳ ತೆಗೆಯಬೇಕೆಂದು ತೋರಿಸಿದ ಒಂಬತ್ತು ವರ್ಷದ ಜಾಣೆ ನಾನೇ!

ಹೊರಡುವ ಮೊದಲು ಆಯಿಲ್ ಅಳೆಯುವ ಕಡ್ಡಿ ಎಳೆದು ಮೂಸುವುದು ಕಾಕಾನ ರೂಢಿ. ಮೂಸಿದ. ಮತ್ತೊಮ್ಮೆ ಮೂಸಿದ. "ಯವ್ವಾ, ಇಂಜಿನ್ನಿಗೆ ಒಗ್ಗರಣಿ ಹಾಕೀಯೇನು?" ಆಯಿಯ ಮುಖ ಇಷ್ಟೇ ಇಷ್ಟಾಯಿತು. ಕಾಕಾ ಕಾರಿನ ಕೆಳಗೆ ತೂರಿ ಎಣ್ಣೆಯನ್ನೆಲ್ಲ ಇಳಿಸಿದ. ಮಾಡದಲ್ಲಿದ್ದದ್ದು ಅರ್ಧ ಡಬ್ಬಿ. ಓಣಿಯ ಅಂಗಡಿಯಲ್ಲಿ ಲಾರಿಗೆ ಹಾಕುವ ಮಂದ ಆಯಿಲ್ ಅಷ್ಟೇ ಸಿಕ್ಕಿತು. "ಇವತ್ತೊಂದಿನ ನಡೀತೈತಿ, ತಗೋಳೋ" ಎಂದು ಅಂಗಡಿಯವನು ಹೇಳಿದರೂ ಕಾಕಾ ಒಪ್ಪದೆ, ಅವನ ಮೋಟರ್‌ಸೈಕಲ್ಲನ್ನೇ ತೆಗೆದುಕೊಂಡು ಹುನಗುಂದಕ್ಕೆ ಹೋದ. ಇತ್ತ ಅತ್ತೆ ಧಾರೆ ಸೀರೆಯುಟ್ಟು ಕಟ್ಟೆಯ ಮೇಲೆ ಕೂತು ಗಡಿಯಾರ ನೋಡುತ್ತಿದ್ದಳು. ಮುಹೂರ್ತ ತಪ್ಪಿದರೆ ತನ್ನಿಂದಲೇ ಎಂದು ಆಯಿ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು. ತಂದ ಆಯಿಲ್ ಸುರಿಯುತ್ತ ಕಾಕಾ ಹೇಳಿದ, "ಅಳಬ್ಯಾಡಬೇ. ಛಲೋದು ಅಂತ ಹಾಕೂದಲ್ಲ. ಯಾವುದಕ್ಕ ಯಾವುದು ಹೊಂದತೈತಿ, ಅದನ್ನ ಹಾಕ್ಬೇಕು."

ಮಂಟಪದಲ್ಲಿ ಮುಹೂರ್ತದ ಅಕ್ಕಿಕಾಳು ಹಂಚುವ ಹೊತ್ತಿಗೆ ಬಾದಾಮಿ ಮುಟ್ಟಿದೆವು. ಕಾರಿನಿಂದಿಳಿದ ಅತ್ತೆ ಮಂಟಪಕ್ಕೆ ಓಡಿಯೇ ಹೋದಳು. ಮದುಮಗಳು ಓಡಿದ್ದನ್ನು ಆಕೆಯ ಅತ್ತೆಮನೆಯವರು ಇಂದಿಗೂ ಹೇಳಿ ನಗುತ್ತಾರೆ.

ಎಷ್ಟೋ ವರ್ಷಗಳ ಮೇಲೆ ಆಯಿ ಹಾಸಿಗೆ ಹಿಡಿದಾಗ ಡಾಕ್ಟರು ಗಂಜಿ ಬಿಟ್ಟು ಬೇರೇನೂ ಬೇಡ ಎಂದಿದ್ದರು. ಕಾಕಾ ಚಮಚ ಹಿಡಿದರೆ ಆಯಿಯ ಬಾಯಿ ಬಿಗಿ. ಒಂದು ಮಧ್ಯಾಹ್ನ ಮೆಲ್ಲಗೆ ಕಣ್ಣು ಮಿಟುಕಿಸಿ ಅಂದಳು, "ಹೊಂದೂದನ್ನ ಹಾಕ್ಬೇಕಂತ ನೀನ ಹೇಳಿದ್ದಿಲ್ಲೇನೋ? ನನ್ನ ಇಂಜಿನ್ನಿಗೆ ಗಂಜಿ ಹೊಂದೂದಿಲ್ಲ." ಕಾಕಾ ನಕ್ಕ, ನಗುತ್ತಲೇ ಅತ್ತ. ಒಳಗೆ ಹೋಗಿ ಗುರೆಳ್ಳು ಚಟ್ನಿಗೆ ಕುಸುಬಿ ಎಣ್ಣೆ ಸುರಿದು ತಂದು ಬೆರಳ ತುದಿಯಿಂದ ಅವಳ ನಾಲಿಗೆಗೆ ಹಚ್ಚಿದ. ಆಯಿ ಚಪ್ಪರಿಸಿದಳು.

ಈಗ ಆ ಮನೆ ಇಲ್ಲ, ಕಾರು ಇಲ್ಲ, ಕಾಕಾನೂ ಇಲ್ಲ. ನಾನು ಕಡ್ಡಿ ಎಳೆದು ಮೂಸುವಾಗ ಗ್ಯಾರೇಜಿನವನು ನಗುತ್ತಾನೆ. "ಏನ್ ಮೂಸ್ತೀರಿ ಅಕ್ಕಾರ? ಹೊಸಾ ಆಯಿಲ್ ಐತ್ರಿ." ಹೌದು, ಹೊಸದೇ. ಒಗ್ಗರಣೆಯ ವಾಸನೆ ಬರುವುದಿಲ್ಲ. ಆದರೂ ಪ್ರತಿ ಸಲ ಮೂಸುತ್ತೇನೆ.