ಮಿದುಳಿನ ವಾಚ್‌ಮನ್

ವಾಕಡದ ನಮ್ಮ ವಸತಿ ಸೊಸೈಟಿಯ ಧಾರವಾಡದ ಕಾಕಾ ನಮ್ಮೆಲ್ಲರ ಮಿದುಳಿನ ಉಸ್ತುವಾರಿ ವಹಿಸಿಕೊಂಡಿದ್ದರು. ತಮ್ಮ ಸಕ್ಕರೆ ಕಾಯಿಲೆಯನ್ನಷ್ಟೇ ಡಾಕ್ಟರರ ಗುಳಿಗೆಗೆ ಬಿಟ್ಟಿದ್ದರು. ಜಿಮ್ಮಿನ ಹುಡುಗರು ತೋಳಿಗೆಂದು ತಿನ್ನುವ ಕ್ರಿಯಾಟಿನ್ ಪುಡಿಯನ್ನು ಇವರು ಬುದ್ಧಿಗೆಂದು ತಿನ್ನುತ್ತಿದ್ದರು. ಅದು ಮಿದುಳಿನಲ್ಲಿ ಶಕ್ತಿಯನ್ನು ಕೂಡಿಡುತ್ತದಂತೆ. ಲಿಫ್ಟಿನಲ್ಲಿ ಸಿಕ್ಕರೆ ಬೆರಳಿಂದ ಹಣೆ ತಟ್ಟಿಕೊಂಡು, "ಪುಡಿ ರಕ್ತಕ್ಕ ಸೇರಿದ್ರ ಮುಗೀಲಿಲ್ರಿ. ಮಿದುಳಿಗೂ ಒಂದು ಗೇಟ್ ಅದ. ವಾಚ್‌ಮನ್ ಭಾಳ ಕಡಕ್, ಸಾವಕಾಶ ಬಿಡ್ತಾನ" ಎನ್ನುತ್ತಿದ್ದರು.

ಆಷಾಢ ಏಕಾದಶಿಯಂದು ಗುಳಿಗೆ ನುಂಗಿ, ಆಮೇಲೆ ನೀರೂ ಮುಟ್ಟದೆ ಉಪವಾಸ ಕೂತರು. ಮಧ್ಯಾಹ್ನ ಅವರ ಹೆಂಡತಿ ಕಾಕೂ ನನ್ನನ್ನು ಕೂಗಿದರು. ಹೋಗಿ ನೋಡಿದರೆ ಕಾಕಾ ರಕ್ತದ ಸಕ್ಕರೆ ಇಳಿದು, ಬೆವೆತು ತೊದಲುತ್ತಿದ್ದರು. ಕಾಕೂ ಸಕ್ಕರೆ ಹಿಡಿದರೆ, "ಏಕಾದಶಿ" ಎಂದು ಬಾಯಿ ಬಿಗಿದರು.

"ಸಕ್ಕರಿ ಅಲ್ರಿ ಇದು, ನಿಮ್ಮ ಪುಡಿ" ಎಂದರು ಕಾಕೂ.

ಬಾಯಿ ತೆರೆಯಿತು. ಔಷಧಕ್ಕೆ ಉಪವಾಸವಿಲ್ಲವಲ್ಲ.

ಸ್ವಲ್ಪ ಹೊತ್ತಿನಲ್ಲೇ ಮಾತು ನೆಟ್ಟಗಾಯಿತು, ಬೆರಳು ಹಣೆಗೆ ಹೋಯಿತು. "ನೋಡಿದ್ರೇನು? ಇವತ್ತ ವಾಚ್‌ಮನ್ ಸಲಾಮ್ ಹೊಡದು ಒಳಗ ಬಿಟ್ಟ."

ಸಕ್ಕರೆಗೆ ಆ ಗೇಟು ಸದಾ ತೆರೆದೇ ಇರುತ್ತದೆಂದು ಯಾರು ಹೇಳಬೇಕು? ಮರುದಿನ ಅವರ ಅಡುಗೆಮನೆಯಲ್ಲಿ ಕಾಕೂ ಸಕ್ಕರೆಯನ್ನು ಪುಡಿಯ ಖಾಲಿ ಡಬ್ಬಿಗೆ ತುಂಬುತ್ತಿದ್ದರು.

"ಮುಂದಿನ ಏಕಾದಶಿ ಹದಿನೈದೇ ದಿನಕ್ಕ ಬರತದಲ್ರಿ" ಎಂದರು.