ಹೆಸರುಗಳ್ಳರ ವೈರಿ

ಬೇರೆಯವರ ಹೆಸರು ಕದ್ದು ಬದುಕಿದವರಿಗೆ ಶಿಕ್ಷೆ ವಿಧಿಸುವ ದಿನ ಈನಿಡ್ ಟ್ರಾಂಟರ್ ಕೋರ್ಟು ತಪ್ಪಿಸುವವಳಲ್ಲ. ಕ್ವೀನ್ಸ್‌ಲ್ಯಾಂಡಿನ ಆ ಕಬ್ಬಿನೂರಿನ ಕೋರ್ಟಿನಲ್ಲಿ ಹಿಂದಿನ ಬೆಂಚು ಅವಳದೇ. ಮಡಿಲಲ್ಲಿ ಚಹಾದ ಫ್ಲಾಸ್ಕು, ಬಾಯಲ್ಲಿ ಬೈಗುಳ. ವಕೀಲ 'ಒಳ್ಳೆಯ ಮನೆತನದ ಹುಡುಗ' ಎಂದರೆ ಸಾಕು, "ಯಾರ ಮನೆತನ ಅಂತ ಕೇಳ್ರೀ, ಅದನ್ನೂ ಕದ್ದಿರ್ತಾನೆ!" ಎನ್ನುತ್ತಾಳೆ. "ಈನಿಡಮ್ಮಾ, ಮೆಲ್ಲಗೆ ಬೈರಿ, ಜಡ್ಜಿಗೆ ಕೇಳ್ಸತ್ತೆ," ಎಂದು ಕೋರ್ಟಿನ ಕಾವಲುಗಾರ ಸೆಮಿಸಿ ಗೋಗರೆದರೆ, "ಕೇಳ್ಲಿ ಅಂತ್ಲೇ ಕಣೋ ಬೈಯೋದು!" ಕಾನೂನಿನಲ್ಲಿ ವರ್ಷಗಟ್ಟಲೆ ಜೈಲು ಎಂದು ಬರೆದಿದೆಯಂತೆ, ಕೊಡುವುದು ಮಾತ್ರ ಪಾರ್ಕಿನ ಕಸ ಗುಡಿಸುವ ಶಿಕ್ಷೆ! ಸೈಕಲ್ಲು ಕದ್ದವನಿಗೂ ಇದಕ್ಕಿಂತ ಹೆಚ್ಚು ಬೀಳುತ್ತದೆ. ಹುಟ್ಟಿದ ವಾರದಲ್ಲೇ ತೀರಿಕೊಂಡ ಅವಳ ಮಗ ಡಾರ್ಸಿಯ ಹೆಸರಿನಲ್ಲಿ ಒಬ್ಬ ಪಾಸ್‌ಪೋರ್ಟ್ ಮಾಡಿಸಿಕೊಂಡು ಮದುವೆಯೂ ಆಗಿದ್ದ. ಅವನಿಗೂ ಸಿಕ್ಕಿದ್ದು ಪೊರಕೆಯೇ. ಸಿಕ್ಕಿಬಿದ್ದಿದ್ದು ಆ ಹೆಸರಿನಲ್ಲೇ ಆದ್ದರಿಂದ ಕೋರ್ಟಿನ ಗುಮಾಸ್ತ ಶಿಕ್ಷೆಯ ದಿನ "ಡಾರ್ಸಿ ಟ್ರಾಂಟರ್" ಎಂದೇ ಕೂಗಿದ; ಕಳ್ಳ ಎದ್ದು ನಿಂತು "ಇದೀನಿ" ಎಂದ. ಆ ಹೆಸರಿಗೆ ಒಬ್ಬರು ಓಗೊಟ್ಟದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಒಂದು ಕ್ಷಣ ಈನಿಡ್‌ಳ ಜೀವ ಹಿಗ್ಗಿಬಿಟ್ಟಿತು. ಕದ್ದದ್ದನ್ನಾದರೂ ಅವಳು ಮರೆತಾಳು, ಆ ಹಿಗ್ಗಿಗಾಗಿ ಮಾತ್ರ ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.