ಆರದೆ ನಿಂತ ಮೊದಲ ಸಾಲು

೧೯೮೮ರಲ್ಲಿ ನಾನು ಹೊಸೂರಿನ ಒಂದು ಕಾರ್ಖಾನೆಗೆ ಎಂಜಿನಿಯರ್ ಆಗಿ ಸೇರಿದೆ. ಚಿತ್ರದುರ್ಗದಿಂದ ಬಂದವನು, ತಮಿಳು ಬಾರದು. ಅಲ್ಲೇ ಆಲಸನತ್ತಂನಲ್ಲಿ ಬಾಡಿಗೆ ಕೋಣೆ ಹಿಡಿದು ಒಬ್ಬನೇ ಇದ್ದೆ. ಮನೆಯೊಡತಿ ಮುನಿಯಮ್ಮ ಪಕ್ಕದಲ್ಲೇ ಇದ್ದರು. ಡೆಂಕಣಿಕೋಟೆ ಕಡೆಯವರು, ಮನೆಮಾತು ಕನ್ನಡ. ಬೆಳಿಗ್ಗೆ "ಉಂಡ್ಯೇನಪ್ಪಾ?" ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಊರಿನಲ್ಲಿ ನನ್ನ ಮಾತುಕತೆ ಅಷ್ಟೇ.

ಸಂಜೆ ಕಳೆಯಲು ಒಂದು ಯಂತ್ರ ಕಟ್ಟತೊಡಗಿದೆ. ಮೈಕಿನಿಂದ ಬಂದ ಶಬ್ದವನ್ನು ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್‌ನ ಪುಟ್ಟ ಕಂಪ್ಯೂಟರ್, ಎಂಟು ಸಾಲು ಕೆಂಪು ದೀಪಗಳಲ್ಲಿ ತೋರಿಸುತ್ತಿತ್ತು. ಎಡಗಡೆ ದಪ್ಪ ದನಿ, ಬಲಕ್ಕೆ ಹೋದಂತೆ ಸಣ್ಣ ದನಿ. ರೇಡಿಯೊ ಹಚ್ಚಿದರೆ ದೀಪಗಳು ಏರಿಳಿಯುತ್ತಿದ್ದವು. ಕೋಣೆಯಲ್ಲಿ ಇನ್ನೊಬ್ಬರು ಇದ್ದಂತೆ ಅನಿಸುತ್ತಿತ್ತು.

ತೊಂದರೆ ಒಂದೇ. ರೇಡಿಯೊ ಆರಿಸಿದರೂ ಎಡಗಡೆಯ ಮೊದಲ ಸಾಲು ಅರ್ಧದವರೆಗೆ ಉರಿಯುತ್ತಲೇ ಇರುತ್ತಿತ್ತು. ಅದು ಕರೆಂಟಿನ ಗುಂಯ್ ಸದ್ದು. ಯಂತ್ರವಿದ್ದ ತಗಡಿನ ಪೆಟ್ಟಿಗೆಗೆ ಅರ್ಥ್, ಅಂದರೆ ನೆಲಕ್ಕೆ ಹೋಗುವ ವೈರು, ಕೊಟ್ಟರೆ ಹೋಗುತ್ತದೆ. ಆದರೆ ಕೋಣೆಯ ಪ್ಲಗ್ ಪಾಯಿಂಟಿಗೆ ಎರಡೇ ತೂತು, ಅರ್ಥ್‌ಗೆ ಬೇಕಾದ ಮೂರನೆಯದು ಇರಲಿಲ್ಲ. ಕಿಟಕಿಯಾಚೆ ಬಟ್ಟೆ ಒಣಹಾಕುವ ತಂತಿ ಇತ್ತು, ಅದರ ಕಬ್ಬಿಣದ ಕಂಬ ನೆಲದಲ್ಲಿ ಹೂತಿತ್ತು. ಪೆಟ್ಟಿಗೆಯಿಂದ ಒಂದು ವೈರು ಎಳೆದು ಆ ತಂತಿಗೆ ಸುತ್ತಿದೆ. ಮೊದಲ ಸಾಲು ತಟ್ಟನೆ ಆರಿತು. ಹಿಗ್ಗಿದೆ. ಯಾರಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕಿಟಕಿಗೆ ಬೆನ್ನು ಮಾಡಿ ಕೂತು, ಪೆಟ್ಟಿಗೆಯನ್ನು ನನ್ನ ಕಡೆಗೆ ತಿರುಗಿಸಿದೆ. ಮೊದಲ ಸಾಲು ಮತ್ತೆ ಹೊತ್ತಿಕೊಂಡು ತುದಿ ಮುಟ್ಟಿತು. ಪ್ರೋಗ್ರಾಮಿನಲ್ಲಿ ಎಲ್ಲೋ ತಪ್ಪಿದೆ ಎಂದುಕೊಂಡು ನೋಟ್‌ಬುಕ್ ತೆರೆದೆ. ಹೊರಗೆ ಬಕೆಟ್ ಉರುಳಿತು. ಎಂಟೂ ಸಾಲು ಒಟ್ಟಿಗೆ ಚಿಮ್ಮಿ ಇಳಿದವು. ಮೊದಲನೆಯದು ಮಾತ್ರ ಇಳಿಯಲಿಲ್ಲ.

ಆಗ ತಿರುಗಿ ನೋಡಿದೆ. ಮುನಿಯಮ್ಮ ಒದ್ದೆ ಸೀರೆಯ ಸಮೇತ ತಂತಿ ಹಿಡಿದು ನಡುಗುತ್ತ ನಿಂತಿದ್ದರು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಪ್ಲಗ್ ಕಿತ್ತೆ. ಅವರು ಕುಸಿದು ಬಿದ್ದರು.

ಡಾಕ್ಟರ ಬಳಿ ಕರೆದೊಯ್ದೆ. ಅಂಗೈಗೆ ಅಡ್ಡಲಾಗಿ ಸುಟ್ಟ ಗೆರೆ ಬಿದ್ದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ವಾಪಸು ಬಂದು ಪೆಟ್ಟಿಗೆ ಬಿಚ್ಚಿದೆ. ಪೆಟ್ಟಿಗೆ ತಿರುಗಿಸಿದಾಗ, ಕರೆಂಟಿನ ವೈರು ಒಳಹೋಗುವ ತೂತಿನ ಹರಿತ ಅಂಚು ಅದರ ಸಿಪ್ಪೆಯನ್ನು ಕೊಯ್ದು, ಒಳಗಿನ ತಾಮ್ರ ತಗಡಿಗೆ ತಾಗಿ, ಕರೆಂಟು ಬಟ್ಟೆಯ ತಂತಿಗೂ ಹರಿದಿತ್ತು. ವೈರು ಕೊಯ್ಯದಂತೆ ಆ ತೂತಿಗೆ ರಬ್ಬರ್ ಬುಷ್ ಹಾಕಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಕಿರಲಿಲ್ಲ.

ಸಂಜೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಸುಟ್ಟ ಅಂಗೈಯನ್ನು ನನ್ನತ್ತ ಚಾಚಿದರು.

"ತಂತಿಗೆ ವೈರ್ ಸುತ್ತೋಕ್ ಮುಂಚೆ ಒಂದ್ ಮಾತು ಹೇಳ್ಬಾರ್ದಾಗಿತ್ತಾ? ನಾನು ಮುಟ್ತಿರ್ಲಿಲ್ಲ ಕಣಪ್ಪಾ. ಗೋಡೆ ಪಕ್ಕದಾಗೇ ಇವ್ನಿ. ಬಂದು ಆರ್ ತಿಂಗ್ಳಾಯ್ತು, ಒಂದ್ ದಿನಾನಾದ್ರೂ ನಂತಾವ ಬಾಯ್ಬಿಟ್ಟು ಮಾತಾಡಿದ್ಯಾ?"



ಮರುದಿನ ತಂತಿ ಬಿಚ್ಚಿ ನಾರಿನ ಹಗ್ಗ ಕಟ್ಟಿಕೊಟ್ಟೆ. ಯಂತ್ರವನ್ನು ಮತ್ತೆ ಹಚ್ಚಲಿಲ್ಲ. ಈಗಲೂ ಎಲ್ಲಾದರೂ ಬಕೆಟ್ ಉರುಳಿದರೆ ನನ್ನ ಕೈ ಪ್ಲಗ್ ಹುಡುಕುತ್ತದೆ. ಆ ಬಕೆಟ್ ಅಂದು ಉರುಳದೇ ಇದ್ದಿದ್ದರೆ? ಹೊರಗೆ ಒಬ್ಬರ ಜೀವ ಹೋಗುತ್ತಿದೆ ಎಂದು ಮೊದಲ ಸಾಲು ಹೇಳುತ್ತಲೇ ಇತ್ತು. ನಾನು ನೋಟ್‌ಬುಕ್ಕಿನಲ್ಲಿ ತಪ್ಪು ಹುಡುಕುತ್ತಿದ್ದೆ.